ಆಪರೇಷನ್ ಆದ ಮೇಲೆ ಅಜ್ಜ ಗುರುತು ಹಿಡಿಯದಿದ್ದರೆ

ಟೊಂಕದ ಎಲುಬು ಮುರಿದುಕೊಂಡ ಅಜ್ಜನನ್ನು ಇಂಡಿಯವರು ಸೊಲ್ಲಾಪುರಕ್ಕೆ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ವಿಜಯಪುರಕ್ಕೆ ಒಯ್ಯುವುದು ರೂಢಿ. ಆಪರೇಷನ್ ಚಲೋ ಆಗುತ್ತದೆ. ಎರಡನೇ ರಾತ್ರಿ ಅಜ್ಜ ಸಲೈನ್ ಕಿತ್ತೊಗೆದು, ‘ಎತ್ತಿಗೆ ಮೇವು ಹಾಕಬೇಕು, ಬಿಡ್ರಿ’ ಎಂದು ಮಂಚ ಇಳಿಯತೊಡಗುತ್ತಾನೆ. ಗಾಳಿ ಸೋಕಿತು ಎಂದು ಒಬ್ಬರು, ಅರಳುಮರಳು ಎಂದು ಇನ್ನೊಬ್ಬರು. ಎರಡೂ ಅಲ್ಲ. ಇದು ಡೆಲಿರಿಯಂ. ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ ಕಾಣಿಸುತ್ತದೆ, ರಾತ್ರಿ ಏರಿ ಹಗಲು ಇಳಿಯುತ್ತದೆ, ಬಹಳಷ್ಟು ಜನರಲ್ಲಿ ವಾಸಿಯೂ ಆಗುತ್ತದೆ.

ಬರೀ ಅರಿವಳಿಕೆಯ ಮೇಲೆ ತಪ್ಪು ಹೊರಿಸಬೇಡಿ. ಟೊಂಕದ ಆಪರೇಷನ್‌ನಲ್ಲಿ ಬೆನ್ನಿನ ಇಂಜೆಕ್ಷನ್ ಮತ್ತು ಪೂರ್ತಿ ಮಂಪರು ಎರಡನ್ನೂ ಹೋಲಿಸಿದ, 2021ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ದೊಡ್ಡ ಅಧ್ಯಯನದಲ್ಲಿ ಡೆಲಿರಿಯಂ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಹೆದರಿ ಆಪರೇಷನ್ ಮುಂದೂಡಿದರೆ ನೋವು, ನಿದ್ದೆಗೇಡು ಸೇರಿ ತಲೆ ಇನ್ನಷ್ಟು ಕೆಡುತ್ತದೆ.

ಮೊದಲ ಕೆಲಸ ಆಪರೇಷನ್‌ಗೂ ಮುಂಚಿನದು. ಅಜ್ಜನಿಗೆ ವಾರ, ತಿಂಗಳು, ಮೊಮ್ಮಕ್ಕಳ ಹೆಸರು ನೆನಪಿತ್ತೇ? ಲೆಕ್ಕ ಸರಿಯಾಗಿ ಹೇಳುತ್ತಿದ್ದನೇ? ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಹೋಲಿಸಲು ಅದೇ ಆಧಾರ. ನುಂಗುವ ಎಲ್ಲ ಗುಳಿಗೆಗಳನ್ನೂ, ನಿದ್ದೆಗುಳಿಗೆ ಸಹಿತ, ಚೀಲದೊಂದಿಗೇ ವೈದ್ಯರಿಗೆ ತೋರಿಸಿ. ದಿನಾ ಕುಡಿಯುವ ಚಟವಿದ್ದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಕುಡಿತ ಒಮ್ಮೆಲೇ ನಿಂತರೆ ಎರಡು–ಮೂರು ದಿನದಲ್ಲಿ ಬರುವ ಗೊಂದಲ ಜೀವಕ್ಕೇ ಕುತ್ತು ತರಬಹುದು. ನೀರು ಯಾವಾಗ ನಿಲ್ಲಿಸಬೇಕೆಂದು ಅರಿವಳಿಕೆ ವೈದ್ಯರನ್ನೇ ಕೇಳಿ. ನಿಮ್ಮದೇ ಲೆಕ್ಕದಲ್ಲಿ ಹಿಂದಿನ ದಿನದಿಂದ ಉಪವಾಸ ಕೆಡವಬೇಡಿ.

ಪ್ರಜ್ಞೆ ಮರಳಿದ ಕೂಡಲೇ, ವೈದ್ಯರು ಒಪ್ಪಿದರೆ, ಚಸ್ಮಾ, ಕಿವಿಯ ಮಷಿನ್, ಹಲ್ಲಿನ ಸೆಟ್ಟು ವಾಪಸ್ ಕೊಡಿ. ಕಾಣದ, ಕೇಳದ ಮನುಷ್ಯನಿಗೆ ಆಸ್ಪತ್ರೆ ಕತ್ತಲೆಕೋಣೆ. ಸುತ್ತ ಮರಾಠಿಯೇ ಕಿವಿಗೆ ಬೀಳುವ ಸೊಲ್ಲಾಪುರದ ವಾರ್ಡಿನಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜನ ಹತ್ತಿರ ಸದಾ ಪರಿಚಿತ ದನಿಯೊಂದು ಇರಲೇಬೇಕು. ಒಬ್ಬರೋ ಇಬ್ಬರೋ ಸಾಕು. ಟಂಟಂ ತುಂಬ ಬರುವ ಬೀಗರನ್ನು ಮನೆಗೆ ಬಂದ ಮೇಲೆ ನೋಡಲು ಹೇಳಿ. ಹಗಲು ಬೆಳಕಿನಲ್ಲಿ ಕೂರಿಸಿ, ವೈದ್ಯರ ಅನುಮತಿ ಸಿಕ್ಕಿದ ದಿನವೇ ನಡೆಸಿ. ರಾತ್ರಿ ದೀಪ, ಫೋನು ಆರಿಸಿ.

ಗೊಂದಲ ಶುರುವಾದರೆ ವಾದ ಮಾಡಬೇಡಿ, ಕೈಕಾಲು ಕಟ್ಟಬೇಡಿ. ‘ಅಪ್ಪಾ, ನಾನು ಇಲ್ಲೇ ಅದೀನಿ, ಇದು ದವಾಖಾನಿ’ ಎಂದು ಮೆತ್ತಗೆ ಹೇಳಿ, ನರ್ಸ್‌ಗೆ ತಿಳಿಸಿ: ಮೂತ್ರ ಕಟ್ಟಿದೆಯೇ, ಜ್ವರವೇ, ಮಲಬದ್ಧತೆಯೇ, ನೋವೇ, ಸಕ್ಕರೆ ಇಳಿದಿದೆಯೇ ನೋಡಲಿ. ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮಾತಿಲ್ಲದೆ, ಊಟ ಬೇಡವೆಂದು ಮಂಕಾಗಿ ಮಲಗುವವರದೂ ಇದೇ ಕಾಯಿಲೆ. ‘ಆರಾಮ ಮಲಗ್ಯಾನ’ ಎಂದು ಬಿಟ್ಟುಬಿಡುತ್ತೇವೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಅದು ಲಕ್ವಾ ಇರಬಹುದು. ಒಂದು ಗಳಿಗೆಯೂ ಕಾಯಬೇಡಿ.

ಮರೆವಿನದು ಬೇರೆ ಕಥೆ. 1998ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನವೊಂದರಲ್ಲಿ ಹೃದಯದ್ದಲ್ಲದ ದೊಡ್ಡ ಆಪರೇಷನ್ ಆದ 60 ದಾಟಿದವರಲ್ಲಿ ವಾರದ ನಂತರ ಸುಮಾರು ಶೇ 26, ಮೂರು ತಿಂಗಳ ನಂತರ ಸುಮಾರು ಶೇ 10 ಮಂದಿಗೆ ನೆನಪು, ಗಮನ ತಗ್ಗಿತ್ತು. ಆದ್ದರಿಂದ ಮನೆಗೆ ಬಂದ ಮೇಲೂ ಕೆಲವು ವಾರ ಗುಳಿಗೆ ನೀವೇ ಕೊಡಿ, ಬೈಕ್ ಕೀಲಿ ಎತ್ತಿಡಿ. ಅಜ್ಜನ ತಲೆ ತಿಳಿಯಾಗುವವರೆಗೆ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಅವಸರ ಯಾರಿಗೂ ಬೇಡ. ಮೂರು ತಿಂಗಳಾದರೂ ಮರೆವು ಹಾಗೇ ಇದ್ದರೆ ಆ ಹಳೆಯ ಚೀಟಿ ಹಿಡಿದು ನರರೋಗ ತಜ್ಞರನ್ನು ಕಾಣಿ. ಮುಂದೆ ಯಾವಾಗಲಾದರೂ ಮತ್ತೆ ಆಪರೇಷನ್ ಎಂದರೆ, ಹಿಂದಿನ ಸಲ ಹೀಗಾಗಿತ್ತೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.