ಕಾರ್ಡು ಮಾಡಿಸಿದ ಮೇಲೂ ಜೊತೆಗಿರು

ಮಗಳೇ, ಆರೋಗ್ಯದ ಕೆಲಸ ಮಾಡುವ ಸಂಸ್ಥೆಗೆ ಸೇರಿದ್ದೀಯ, ಊರೂರು ತಿರುಗಿ ಜನರಿಗೆ ಆಯುಷ್ಮಾನ್, ಯಶಸ್ವಿನಿ, ಇಎಸ್‌ಐ ಇವನ್ನೆಲ್ಲ ದೊರಕಿಸಿಕೊಡುತ್ತೀಯ ಎಂದು ಕೇಳಿ ಮನಸ್ಸು ತುಂಬಿತು. ಆರೋಗ್ಯ ಸಹಾಯಕಿಯಾಗಿ ನಾನು ದುಡಿದದ್ದೂ ಇಂಥ ಊರುಗಳಲ್ಲೇ. ಅದಕ್ಕೇ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ಅವರ ಕೈಗೆ ಬಂದ ದಿನ ನಿನ್ನ ಕೆಲಸ ಅರ್ಧವೂ ಆಗಿರುವುದಿಲ್ಲ. ಆ ಮನೆಯವರು ಕಾಯಿಲೆ ಬಿದ್ದಾಗ ಸಾಲ ಮಾಡದೆ, ಒಡವೆ ಅಡ ಇಡದೆ ಚಿಕಿತ್ಸೆ ಪಡೆದು ಮನೆಗೆ ಬಂದರೇ ಎಂಬುದನ್ನೇ ಲೆಕ್ಕಕ್ಕೆ ಇಟ್ಟುಕೋ.

ಮೊದಲು ಪಡಿತರ ಚೀಟಿ ನೋಡು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಎಲ್ಲರಿಗೂ ಗೊತ್ತು. ಆ ಕುಟುಂಬದಲ್ಲಿ ಯಾರ್‍ಯಾರಿದ್ದಾರೆ ಎಂದು ತೀರ್ಮಾನಿಸುವುದು ಪಡಿತರ ಚೀಟಿ ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ. ಕೂಸಿನ ಹೆಸರು ಎಲ್ಲಿಯೂ ಇರುವುದಿಲ್ಲ. ಗಂಡು ಮಕ್ಕಳು ಬೇರೆಯಾಗಿ ಒಲೆ ಹೂಡಿರುತ್ತಾರೆ, ಚೀಟಿ ಮಾತ್ರ ಅಪ್ಪನದೇ. ಆಧಾರ್‌ನಲ್ಲಿ ‘ಮಾದೇವಮ್ಮ’, ಚೀಟಿಯಲ್ಲಿ ‘ಮಹದೇವಮ್ಮ’. ಕಬ್ಬು ಕಡಿದು, ಗಾರೆ ಕಲಸಿ ಸವೆದ ಬೆರಳಿನವರಿಗೆ ಹೆಬ್ಬೆಟ್ಟೇ ಬೀಳುವುದಿಲ್ಲ. ಆರೋಗ್ಯವಾಗಿರುವಾಗ ಇವೆಲ್ಲ ಸಣ್ಣ ತಕರಾರುಗಳು. ಹಸುಗೂಸನ್ನು ಐಸಿಯುನಲ್ಲಿ ಮಲಗಿಸಿ ಅಪ್ಪ ಕೌಂಟರಿನ ಮುಂದೆ ನಿಂತಾಗ ಅವೇ ಅವನ ಎಮ್ಮೆಯನ್ನು ಮಾರಿಸುತ್ತವೆ. ಹಾಗಾಗಿ ಮನೆಯವರೆಲ್ಲ ಗಟ್ಟಿಯಾಗಿರುವಾಗಲೇ ಕೂತು ಒಂದೊಂದು ಹೆಸರನ್ನೂ ತಾಳೆ ನೋಡು. ಬೇಸರದ ಕೆಲಸ, ನಿಜ. ಇಷ್ಟು ಬೆಲೆಬಾಳುವ ಕೆಲಸ ನಿನ್ನ ಇಡೀ ದಿನದಲ್ಲಿ ಇನ್ನೊಂದಿಲ್ಲ.

ಎರಡನೆಯದು ದಾರಿ. ನಮ್ಮ ರಾಜ್ಯದಲ್ಲಿ 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ಇದರಲ್ಲಿ ಚಿಕಿತ್ಸೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ. ಅಲ್ಲಿ ಆಗದ ದೊಡ್ಡ ಚಿಕಿತ್ಸೆಯಾದರೆ ಅಲ್ಲಿಂದ ರೆಫರಲ್ ಚೀಟಿ ಬರೆಸಿಕೊಂಡು ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಜನರು ಮಾಡುವುದು ತಿರುವುಮುರುವು. ಯಾರೋ ಹೇಳಿದರೆಂದು ನೇರವಾಗಿ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಮುಂಗಡ ಕಟ್ಟುತ್ತಾರೆ. ಆಮೇಲೆ ‘ರೆಫರಲ್ ಎಲ್ಲಿ’ ಎಂದಾಗ ಕಂಗಾಲಾಗುತ್ತಾರೆ. ಮಂಡಿ ಚಿಪ್ಪಿನ ನೋವಿಗೆ ದಾರಿ ಯಾವುದು, ಅಪಘಾತಕ್ಕೆ ದಾರಿ ಯಾವುದು ಎಂದು ಬೇರೆ ಬೇರೆಯಾಗಿ ಹೇಳಿಕೊಡು. ಆಸ್ಪತ್ರೆಯೊಳಗೆ ಆರೋಗ್ಯಮಿತ್ರ ಎಂಬೊಬ್ಬರು ಇರುತ್ತಾರೆ, ಹಣ ಕಟ್ಟುವ ಮುಂಚೆ ಅವರನ್ನು ಹುಡುಕಬೇಕು ಎಂದು ಮನೆಯ ಹೆಂಗಸರಿಗೆ ಬಾಯಿಪಾಠವಾಗುವವರೆಗೆ ಹೇಳು. ಎದೆನೋವು ಬಂದವರಂತೂ ಕಾರ್ಡು ಹುಡುಕುತ್ತ ಕೂರಲೇಬಾರದು. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಇನ್ನು ಯಾವ ಕಾರ್ಡಿನಲ್ಲೂ ಬರೆಯದ ಖರ್ಚುಗಳ ಮಾತು. ಆಪರೇಷನ್ ಉಚಿತ ಎಂದರೂ ಬಾರದೆ ಮನೆಯಲ್ಲೇ ಉಳಿದವರನ್ನು ಯಾಕೆಂದು ನಾನು ಎಷ್ಟೋ ಸಲ ಕೇಳಿದ್ದೇನೆ. ‘ಹತ್ತು ದಿನ ಮಲಗಿದರೆ ಕೂಲಿ ಯಾರು ಕೊಡ್ತಾರವ್ವ? ಜೊತೆಗೆ ಬಂದು ಇರೋರು ಯಾರು? ಹಸ ಯಾರು ನೋಡ್ಕೋತಾರೆ?’ ಎಂದೇ ಅವರ ಉತ್ತರ. ಅವರದು ಹಟವಲ್ಲ, ಅಜ್ಞಾನವೂ ಅಲ್ಲ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಕರುಣಾ ಟ್ರಸ್ಟಿನವರು. ಡಾ. ಎಚ್. ಸುದರ್ಶನ್ ಅವರು ಯಳಂದೂರು ತಾಲ್ಲೂಕಿನ ಕುಷ್ಠರೋಗ ಕಂಡು 1986ರಲ್ಲಿ ಕಟ್ಟಿದ ಸಂಸ್ಥೆ ಅದು. 2002ರಲ್ಲಿ ಟಿ. ನರಸೀಪುರದ ಕಡೆ ಬಡವರಿಗಾಗಿ ಆರೋಗ್ಯ ವಿಮೆ ಶುರುಮಾಡಿದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಪ್ರತಿ ದಿನಕ್ಕೆ ಔಷಧಿಗೆಂದು 50 ರೂಪಾಯಿ, ಹೋದ ಕೂಲಿಗೆಂದು 50 ರೂಪಾಯಿ ಇಟ್ಟರು. ಕೂಲಿ ಹೋಗುವುದೂ ಕಾಯಿಲೆಯ ಖರ್ಚೇ ಎಂದು ಒಪ್ಪಿಕೊಂಡ ಆ ಬುದ್ಧಿ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ನಿನ್ನ ಸಂಸ್ಥೆಗೆ ಅಷ್ಟು ಹಣವಿಲ್ಲದಿರಬಹುದು. ಬಸ್ಸಿನ ಚಾರ್ಜಿಗೆ, ಜೊತೆಯಲ್ಲಿರುವವರ ಊಟಕ್ಕೆ ಒಂದು ಸಣ್ಣ ನಿಧಿಯನ್ನಾದರೂ ಇಡಿ ಎಂದು ಹಿರಿಯರನ್ನು ಕೇಳು. ಕೇಳಲು ಸಂಕೋಚ ಬೇಡ. ಸ್ತ್ರೀಶಕ್ತಿ ಸಂಘದವರೊಡನೆ ಕೂತು ಮಾತಾಡಿದರೆ ಹಸ ನೋಡಿಕೊಳ್ಳುವವರೂ ಸಿಗುತ್ತಾರೆ.

ರೋಗಿಯ ಜೊತೆ ಅವರ ಜನರೇ ಇದ್ದರೆ ಏನಾಗುತ್ತದೆ ಎಂದು ನೋಡಲು ಗುಂಡ್ಲುಪೇಟೆಯಿಂದ ಆಚೆಗೆ, ನೀಲಗಿರಿಯ ಗೂಡಲೂರಿಗೆ ಒಮ್ಮೆ ಹೋಗಿ ಬಾ. ಅಲ್ಲಿನ ‘ಅಶ್ವಿನಿ’ ಸಂಸ್ಥೆ ಪಣಿಯ, ಬೆಟ್ಟಕುರುಂಬ ಮುಂತಾದ ಆದಿವಾಸಿಗಳಿಗಾಗಿ ಆಸ್ಪತ್ರೆ ನಡೆಸುತ್ತಿದೆ. 1992ರಲ್ಲೇ ಆ ಜನರಿಗೆ ಆರೋಗ್ಯ ವಿಮೆ ಮಾಡಿಸಿತು. ಹಾಡಿಯ ಹೆಣ್ಣುಮಕ್ಕಳೇ ತರಬೇತಿ ಪಡೆದು ನರ್ಸುಗಳಾದರು, ಆರೋಗ್ಯ ಕಾರ್ಯಕರ್ತೆಯರಾದರು. ವಾರ್ಡಿನಲ್ಲಿ ತನ್ನ ಭಾಷೆ ಆಡುವ ಒಬ್ಬರಿದ್ದರೆ ರೋಗಿ ರಾತ್ರೋರಾತ್ರಿ ಎದ್ದು ಕಾಡಿಗೆ ಓಡುವುದಿಲ್ಲ. ನೀನೂ ಆಶಾ ಅಕ್ಕಂದಿರನ್ನು ಬಿಟ್ಟು ಯಾವ ಮನೆಗೂ ಹೋಗಬೇಡ. ಯಾವ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂದು ಅವರಿಗೆ ಗೊತ್ತು. ಆ ಕೆಮ್ಮು ಕ್ಷಯವಾದರೆ ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೇ ಬರಬೇಕು. 2024ರ ನವೆಂಬರ್‌ವರೆಗೆ ಅದು 500 ಇತ್ತು. ಹಣ ನಿಜವಾಗಿಯೂ ಬಿತ್ತೇ ಎಂದು ಪಾಸ್‌ಬುಕ್ ನೋಡು.

ಬೆಂಗಳೂರು, ಮದ್ದೂರು ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಂಬಳದ ಚೀಟಿಯನ್ನೂ ಕೇಳಿ ನೋಡು. ತಿಂಗಳಿಗೆ 21,000ದೊಳಗೆ ಸಂಬಳ ಇರುವವರಿಂದ ಇಎಸ್‌ಐಗೆಂದು ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಕಟ್ಟುತ್ತಾರೆ. ಆ ದುಡ್ಡು ತನ್ನ ಚಿಕಿತ್ಸೆಗೆ ಮಾತ್ರವಲ್ಲ, ತನ್ನನ್ನೇ ನಂಬಿಕೊಂಡ ತಾಯಿ, ಮಕ್ಕಳ ಚಿಕಿತ್ಸೆಗೂ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆಯವರ ಹೆಸರನ್ನೂ ಸೇರಿಸುವಂತೆ ಹೇಳು. ಹಾಲಿನ ಡೇರಿ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾಯಿತು. ಅದನ್ನು ವರ್ಷ ವರ್ಷವೂ ನವೀಕರಿಸಬೇಕು, ದಿನ ಮೀರಿದರೆ ಇಲ್ಲ.

ಯಾರಿಗೂ ‘ಎಲ್ಲಾ ಫ್ರೀ’ ಎಂದು ಹೇಳಬೇಡ, ಮಗಳೇ. ಆಯುಷ್ಮಾನ್‌ನಲ್ಲಿ ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ ದರದ ಶೇ 30 ಮಾತ್ರ, ಉಳಿದದ್ದನ್ನು ಅವರೇ ಭರಿಸಬೇಕು. ಇದನ್ನು ಮುಚ್ಚಿಟ್ಟರೆ ಬಿಲ್ಲು ಕೈಗೆ ಬಂದ ದಿನ ಅವರು ನಿನ್ನನ್ನೂ ನಂಬುವುದಿಲ್ಲ, ಮುಂದೆ ಬರುವವರನ್ನೂ ನಂಬುವುದಿಲ್ಲ. ಬಿಪಿಎಲ್‌ನವರಿಂದ ಯಾವುದಾದರೂ ಆಸ್ಪತ್ರೆ ಹಣ ಕೇಳಿದರೆ ರಸೀದಿ ಕೇಳಿ ಪಡೆಯಲಿ, ದೂರನ್ನು ಬರಹದಲ್ಲೇ ಕೊಡಲಿ. ಬರೆಯಲು ಬಾರದವರಿಗೆ ನೀನು ಬರೆದುಕೊಡು. ಬರೆದದ್ದನ್ನು ಓದಿ ಹೇಳಿದ ಮೇಲೇ ಸಹಿ ಹಾಕಿಸು. ಅವರ ಕಾಯಿಲೆಯ ವಿಷಯ ಪಕ್ಕದ ಮನೆಗೆ ನಿನ್ನ ಬಾಯಿಂದ ಹೋಗಬಾರದು. ಫೋಟೋ ತೆಗೆದು ಗ್ರೂಪಿಗೆ ಹಾಕುವ ಮುಂಚೆ ಅವರನ್ನು ಕೇಳು. ಬೇಡ ಎಂದರೆ ಬೇಡ.

ಮೊದಲ ತಿಂಗಳು ಎಷ್ಟು ಕಾರ್ಡಾಯಿತು ಎಂದು ನಿನ್ನ ಮೇಲಿನವರು ಕೇಳಿಯೇ ಕೇಳುತ್ತಾರೆ. ಕೊಡು ಆ ಲೆಕ್ಕ. ಅದರ ಜೊತೆಗೆ ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಸೊಸೆಯರು, ಕೂಸುಗಳ ಪಟ್ಟಿಯೊಂದನ್ನು ಆಶಾ ಅಕ್ಕಂದಿರ ಜೊತೆ ಕೂತು ಬರೆದುಕೊಂಡು ಬಾ. ತಾಲ್ಲೂಕಿನ ಆಹಾರ ಶಾಖೆಗೆ ಆ ಪಟ್ಟಿ ಹಿಡಿದು ನಾನೂ ನಿನ್ನ ಜೊತೆ ಬರುತ್ತೇನೆ.