ಎರಡು ಬಂತೆಂದು ಹಿಗ್ಗಬೇಡ

ನಿನ್ನ ಕೈಯಲ್ಲಿ ಹತ್ತು, ಮೂರು, ಎರಡು. ಎದುರಿಗೆ ಕೂತವನ ಕೈಯಲ್ಲಿ ಒಂಬತ್ತು, ಎಂಟು, ಆರು. ಮಫ್ಲಿಸ್ ಆಟದಲ್ಲಿ ಗೆದ್ದವರು ಯಾರು? ಇದಕ್ಕೆ ತಡವರಿಸದೆ ಉತ್ತರ ಹೇಳೋವರೆಗೂ ಎಲೆ ಮುಟ್ಟಬೇಡ ಕಣಪ್ಪ. ಗೆದ್ದವನು ಅವನು. ಎರಡು ಬಂತು, ಮೂರು ಬಂತು ಅಂತ ನೀನು ಒಳಗೊಳಗೇ ಹಿಗ್ಗುತ್ತಿದ್ದೆ. ಅವು ಲೆಕ್ಕಕ್ಕೇ ಬರಲಿಲ್ಲ. ನಿನ್ನ ಹತ್ತು ಅವನ ಒಂಬತ್ತಕ್ಕಿಂತ ದೊಡ್ಡದು, ಅಲ್ಲಿಗೆ ಮುಗಿಯಿತು. ಮೊದಲು ನೋಡಬೇಕಾದ್ದು ದೊಡ್ಡೆಲೆ. ಅದು ಸಮವಾದರೆ ನಡುವಿನದು. ಅದೂ ಸಮವಾದರೆ ಮಾತ್ರ ಚಿಕ್ಕದಕ್ಕೆ ಬೆಲೆ. ಹೊಸಬರೆಲ್ಲ ಇದನ್ನು ಹಿಂದುಮುಂದಾಗಿ ಓದುತ್ತಾರೆ. ಕಣ್ಣು ಸೀದಾ ಚಿಕ್ಕೆಲೆಯ ಮೇಲೆ ಹೋಗಿ ಕೂತುಬಿಡುತ್ತದೆ.

ಅಂದರ್-ಬಾಹರ್, ರಮ್ಮಿ, ಮೂರೆಲೆ – ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕಿನ ಬಾಡೂಟ, ಎರಡರ ನಡುವೆ ತೋಪು, ಜಗಲಿ, ಅರಳಿಕಟ್ಟೆ ಎಲ್ಲಿ ನೋಡಿದರೂ ಎಲೆ ಕಲೆಸುವ ಸದ್ದು. ಆದರೆ ಮಫ್ಲಿಸ್ ಆಡುವವರು ಕಡಿಮೆ, ಬಲ್ಲವರು ಇನ್ನೂ ಕಡಿಮೆ. ಮೂರೆಲೆ ಆಟವನ್ನೇ ತಲೆಕೆಳಗು ಮಾಡಿದ ಆಟ ಅದು. ಮಾಮೂಲಿ ಆಟದಲ್ಲಿ ತಳದಲ್ಲಿರುವ ಎಲೆ ಇಲ್ಲಿ ಮೇಲೆ. ಮೂರು ಎಕ್ಕ ಬಿದ್ದವನು ತೆಪ್ಪಗೆ ಎಲೆ ಕೆಳಗಿಡಬೇಕು. ಬಣ್ಣ ಬೆರೆತ ಐದು-ಮೂರು-ಎರಡು ಬಿದ್ದವನನ್ನು ಯಾರೂ ಸೋಲಿಸಲಾರರು. ನಾಲ್ಕು-ಮೂರು-ಎರಡು ಯಾಕಾಗದು ಅಂದರೆ, ಅದು ಸೀಕ್ವೆನ್ಸು. ಏಳು-ನಾಲ್ಕು-ಎರಡು ಮೂರೂ ಇಸ್ಪೀಟೇ ಆಗಿಬಿಟ್ಟರೆ ಅದು ಕಲರು, ಕೆಲಸಕ್ಕೆ ಬಾರದು. ಎಕ್ಕ ದೊಡ್ಡದೋ ಚಿಕ್ಕದೋ ಅನ್ನುವುದು ಮನೆಮನೆಗೆ ಬದಲಾಗುತ್ತದೆ. ಎಲೆ ಹಂಚುವ ಮುಂಚೆಯೇ ಕೇಳಿ ಇತ್ಯರ್ಥ ಮಾಡಿಕೋ. ನಾನು ಹೇಳುವ ಲೆಕ್ಕವೆಲ್ಲ ಎಕ್ಕ ದೊಡ್ಡದು ಅನ್ನುವ ಕಟ್ಟಳೆಯದು.

ನೀನು ಮೊಬೈಲಿನಲ್ಲಿ ನೋಡುವ ಪೋಕರಿನಲ್ಲೂ ಇದರ ದಾಯಾದಿಗಳಿವೆ. ‘ಡ್ಯೂಸ್ ಟು ಸೆವೆನ್’ ಅಂತ ಒಂದು: ಐದೆಲೆಯ ಆಟ, ಎಕ್ಕ ದೊಡ್ಡದು, ಸೀಕ್ವೆನ್ಸು, ಕಲರು ಬಂದರೆ ಕೆಟ್ಟಂತೆ, ಕಲರಾಗದ ಏಳು-ಐದು-ನಾಲ್ಕು-ಮೂರು-ಎರಡು ಎಲ್ಲಕ್ಕಿಂತ ಮೇಲು. ‘ರ್‍ಯಾಜ್’ ಅಂತ ಇನ್ನೊಂದು: ಅಲ್ಲಿ ಎಕ್ಕ ಚಿಕ್ಕದು, ಸೀಕ್ವೆನ್ಸಿಗೂ ಕಲರಿಗೂ ದಂಡವಿಲ್ಲ. ನಮ್ಮ ಮಫ್ಲಿಸ್ ಮೊದಲನೆಯದರ ತಮ್ಮ. ಚಿಕ್ಕದು ದೊಡ್ಡದನ್ನು ಸೋಲಿಸುವುದು ಪರದೇಶದವರ ಚಮತ್ಕಾರ ಅಂತಲೂ ತಿಳಿಯಬೇಡ. ನಮ್ಮ ಗಂಜೀಫಾದಲ್ಲಿ ಅರ್ಧದಷ್ಟು ರಂಗುಗಳಲ್ಲಿ ರಾಜ, ಮಂತ್ರಿ ಆದಮೇಲೆ ಹತ್ತು ದೊಡ್ಡದು. ಉಳಿದರ್ಧದಲ್ಲಿ ಒಂದು ದೊಡ್ಡದು, ಹತ್ತು ತಳಕ್ಕೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅನ್ನುವ ಭಾಗವೊಂದಿದೆ, ಗಂಜೀಫಾ ಆಟಗಳ ವಿವರ ಅಲ್ಲಿದೆ. ಒಂದೇ ಆಟದೊಳಗೆ ಎರಡು ದಿಕ್ಕಿನ ಲೆಕ್ಕ ಇಟ್ಟುಕೊಂಡು ಆಡಿದ ಜನ ಅವರು. ನಿನಗೆ ಒಂದು ದಿಕ್ಕು ತಿರುಗಿಸಿಕೊಳ್ಳುವುದು ಅಷ್ಟು ಕಷ್ಟವೇ?

ಈಗ ಲೆಕ್ಕಕ್ಕೆ ಬಾ. 52 ಎಲೆಯಲ್ಲಿ ಮೂರು ಮೂರರಂತೆ ಹೊಂದಿಸಿದರೆ ಒಟ್ಟು 22,100 ಬಗೆ. ಅದರಲ್ಲಿ ಜೋಡಿಯೂ ಇಲ್ಲದ, ಕಲರೂ ಇಲ್ಲದ, ಸೀಕ್ವೆನ್ಸೂ ಅಲ್ಲದ ಬರಿಗೈ 16,440, ನೂರಕ್ಕೆ 74ರಷ್ಟು. ಮಾಮೂಲಿ ಆಟದಲ್ಲಿ ಇವನ್ನೆಲ್ಲ ಒಂದೇ ಕಸದ ಬುಟ್ಟಿಗೆ ಎಸೆದು ಪ್ಯಾಕ್ ಅನ್ನುತ್ತೀರಿ. ಮಫ್ಲಿಸ್ ನಡೆಯುವುದೇ ಆ ಬುಟ್ಟಿಯೊಳಗೆ. ಅದಕ್ಕೇ ಇದು ಕಷ್ಟ. ಜೋಡಿ ಬಿದ್ದರೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಒಂಬತ್ತು-ಏಳು-ನಾಲ್ಕಕ್ಕೂ ಒಂಬತ್ತು-ಎಂಟು-ಮೂರಕ್ಕೂ ಇರುವ ವ್ಯತ್ಯಾಸ ಹಾಗೆ ಕಾಣುವುದಿಲ್ಲ.

ಒಂಬತ್ತನ್ನೇ ಹಿಡಿದುಕೊಂಡು ಎಣಿಸಿ ತೋರಿಸುತ್ತೇನೆ, ಕಾಗದ ಪೆನ್ನು ತಗೋ. ದೊಡ್ಡೆಲೆ ಒಂಬತ್ತು ಅಂದರೆ ಉಳಿದೆರಡು ಎರಡರಿಂದ ಎಂಟರೊಳಗಿನ ಏಳು ಸಂಖ್ಯೆಗಳಲ್ಲಿ ಯಾವುದಾದರೂ ಎರಡು. ಅಂಥ ಜೊತೆ 21. ಅದರಲ್ಲಿ ಏಳು-ಎಂಟು ಬಂದರೆ ಸೀಕ್ವೆನ್ಸಾಗುತ್ತದೆ, ಕಳೆ, ಉಳಿದದ್ದು 20. ಒಂದೊಂದಕ್ಕೂ ಬಣ್ಣದ ಜೋಡಣೆ 64. ಮೂರೂ ಒಂದೇ ಬಣ್ಣವಾಗುವ 4 ಕಳೆದರೆ 60. ಇಪ್ಪತ್ತು ಅರವತ್ತಲ 1,200. ಹೀಗೇ ಒಂದೊಂದನ್ನೂ ಕೂಡಿಕೊಂಡು ಹೋಗು. ದೊಡ್ಡೆಲೆ ಎಂಟು ಮತ್ತು ಅದರ ಕೆಳಗಿನ ಒಳ್ಳೆಯ ಎಲೆಗಳು 1,800, ಅಂದರೆ ನೂರಕ್ಕೆ 8. ಒಂಬತ್ತರವರೆಗೆ 3,000. ಹತ್ತರವರೆಗೆ 4,620, ನೂರಕ್ಕೆ 21. ಗುಲಾಮನವರೆಗೆ 6,720, ನೂರಕ್ಕೆ 30. ರಾಣಿಯವರೆಗೆ 9,360, ನೂರಕ್ಕೆ 42. ಸರಿಯಾಗಿ ನಡುಮಧ್ಯೆ ಬಂದು ಕೂರುವುದು ಯಾವುದು ಗೊತ್ತಾ? ರಾಜ, ಒಂಬತ್ತು, ಎಂಟು. ಅದನ್ನೂ ಅದಕ್ಕಿಂತ ಮೇಲಾದವನ್ನೂ ಸೇರಿಸಿದರೆ 11,040, ಉಳಿದವು 11,060. ರಾಜನ ಮುಖ ಕಂಡೊಡನೆ ಸಿಡುಕಿ ಎಸೆಯುವವರಿಗೆ ಇದನ್ನು ಹೇಳಿ ನೋಡು, ನಂಬುವುದಿಲ್ಲ.

ಹಾಗಂತ ರಾಜನನ್ನು ಹಿಡಿದು ಚಾಲ್ ಏರಿಸಿಕೊಂಡು ಹೋಗು ಅಂತ ನಾನು ಹೇಳಲಿಲ್ಲ. ಇಲ್ಲಿ ಎರಡನೆಯ ಪಾಠ ಶುರು: ಎಷ್ಟು ಜನ ಕೂತಿದ್ದಾರೆ ಎಣಿಸು. ಗುಲಾಮ ದೊಡ್ಡೆಲೆಯಾದ ಎಲೆ, ಅದರಲ್ಲೂ ತೀರ ಕೆಟ್ಟದ್ದೇ ನಿನ್ನಲ್ಲಿದೆ ಅಂದುಕೋ. ಎದುರಿಗೆ ಒಬ್ಬನೇ ಇದ್ದು, ಅವನು ಎಲೆ ನೋಡದೆ ಬ್ಲೈಂಡ್ ಆಡುತ್ತಿದ್ದರೆ, ಹತ್ತರಲ್ಲಿ ಏಳು ಸಲ ನೀನೇ ಮುಂದು. ಅದೇ ಎಲೆ, ಎದುರಿಗೆ ನಾಲ್ಕು ಜನ: ನಾಲ್ಕರಲ್ಲಿ ಒಂದು ಸಲವೂ ಗ್ಯಾರಂಟಿ ಇಲ್ಲ. ಅದೇ ಎಂಟು ದೊಡ್ಡೆಲೆಯಾದರೆ ನಾಲ್ಕು ಜನರ ಎದುರಿಗೂ ಹತ್ತರಲ್ಲಿ ಹತ್ತಿರ ಹತ್ತಿರ ಏಳು ಸಲ ನಿಲ್ಲುತ್ತದೆ. ಇದು ಯಾರೂ ಎಸೆಯದೆ ಕೊನೆತನಕ ಕೂತರೆ ಬರುವ ಲೆಕ್ಕ. ಎಲೆ ನೋಡಿ, ಎಣಿಸಿ, ಆಮೇಲೂ ದುಪ್ಪಟ್ಟು ಹಾಕಿಕೊಂಡು ಉಳಿದವರ ಎದುರು ಇದಕ್ಕಿಂತ ಕಮ್ಮಿಯೇ ಅಂತ ಇಟ್ಟುಕೋ. ಬ್ಲೈಂಡ್ ಆಡುವವನು ನೋಡಿ ಆಡುವವನ ಅರ್ಧ ಹಾಕಿದರೆ ಸಾಕು. ಅವನನ್ನು ಪೆದ್ದ ಅಂತ ನಗುವವರೇ ಎಷ್ಟೋ ಸಲ ಅವನ ಜೇಬು ತುಂಬಿಸುತ್ತಾರೆ. ಅವನೆದುರು ರಾಣಿಯವರೆಗೂ ನಿನಗೆ ಮೇಲುಗೈ ಇದೆ, ಹೆದರಿ ಎಸೆಯಬೇಡ.

ನಾನು ರೇಷ್ಮೆ ನೂಲು ಬಿಚ್ಚಾಣಿಕೆ ಕಸುಬಿನವನು, ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿ ಸಂಸಾರ ನಡೆಸಿದವನು. ಈಗ ಅಲ್ಲಿ ಬಾಯಲ್ಲಿ ಕೂಗುವುದಿಲ್ಲ, ಮೊಬೈಲಿನಲ್ಲಿ ಒತ್ತುತ್ತಾರೆ. ತಲೆಯೊಳಗಿನ ಲೆಕ್ಕ ಮಾತ್ರ ಅದೇ: ರೆಂಡಿಟ್ಟ. ಒಂದು ಕಿಲೋ ನೂಲು ಬರಲು ಎಷ್ಟು ಕಿಲೋ ಗೂಡು ಹೋಗುತ್ತದೆ ಅನ್ನೋದು. ಲಾಟಿನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಏಳು ಬೀಳಬಹುದು ಅಂತ ಅಂದಾಜು ಕಟ್ಟಿ ರೇಟು ಹೇಳುತ್ತೇವೆ. ಬಿಚ್ಚಿದ ಮೇಲೆ ಒಮ್ಮೊಮ್ಮೆ ಎಂಟು ಬೀಳುತ್ತದೆ. ಕಸುಬು ಬಲ್ಲ ರೀಲರ್ ಆ ರಾತ್ರಿ ಕೇಳಿಕೊಳ್ಳುವ ಪ್ರಶ್ನೆ ಒಂದೇ – ಕೊಳ್ಳುವ ಹೊತ್ತಿಗೆ ಕಣ್ಣಿಗೆ ಕಂಡಷ್ಟರಲ್ಲಿ ಆ ರೇಟು ಸರಿಯಿತ್ತೋ ಇಲ್ಲವೋ? ಸರಿಯಿದ್ದರೆ ನಾಳೆಯೂ ಅಂಥ ಲಾಟಿಗೆ ಅದೇ ರೇಟು. ನೂರು ರೂಪಾಯಿ ಜಾಸ್ತಿ ಕೂಗಿ, ಅದೃಷ್ಟಕ್ಕೆ ಆರೂವರೆ ಬಿದ್ದು ಲಾಭವಾದರೆ ಅವನು ಎದೆಯುಬ್ಬಿಸಿ ತಿರುಗುವುದಿಲ್ಲ, ಯಾಕೆಂದರೆ ಕೂಗಿದ್ದು ತಪ್ಪು ಅಂತ ಅವನಿಗೆ ಗೊತ್ತು. ಮಫ್ಲಿಸ್ ಕಲಿಯುವವನಿಗೂ ಇದೇ ಶಿಸ್ತು ಬೇಕು. ಎಂಟು-ಐದು-ಎರಡು ಹಿಡಿದು ಏಳರವನಿಗೆ ಸೋತೆಯಾ? ಇರಲಿ, ಸರಿಯಾಗಿಯೇ ಆಡಿದ್ದೀಯ. ನಾಲ್ಕು ಜನರ ನಡುವೆ ರಾಜನನ್ನು ಹಿಡಿದು ಕೊನೆತನಕ ಕೂತು ಗೆದ್ದೆಯಾ? ನಿನ್ನ ಕಿವಿ ಹಿಂಡಬೇಕು. ಇನ್ನೂ ಒಂದು: ರೀಲರ್ ಎಂಥವನು ಅನ್ನುವುದು ಅವನು ಬಿಟ್ಟ ಲಾಟುಗಳಿಂದ ಗೊತ್ತಾಗುತ್ತದೆ. ಸುಮ್ಮನೆ ಬಿಡುವುದಕ್ಕೆ ಬಹಳ ಅಭ್ಯಾಸ ಬೇಕು, ಮಗ. ಬಿಟ್ಟವನು ಎಂಥ ಬುದ್ಧಿವಂತ ಅಂತ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅಭ್ಯಾಸ ಹೇಗೆ ಅಂದೆಯಲ್ಲ. ಮೊದಲ ವಾರ ಯಾರ ಜೊತೆಗೂ ಆಡಬೇಡ. ಕಟ್ಟನ್ನು ಚೆನ್ನಾಗಿ ಕಲೆಸಿ ಮೂರು ಮೂರೇ ತಿರುವಿ ಹಾಕು. ಉಸಿರು ಬಿಡುವಷ್ಟರಲ್ಲಿ ದೊಡ್ಡೆಲೆ ಯಾವುದು, ನೂರಕ್ಕೆ ಎಷ್ಟರೊಳಗೆ ಬರುತ್ತದೆ ಅಂತ ಬಾಯಿಬಿಟ್ಟು ಹೇಳು. ಜೋಡಿ, ಕಲರು ತಪ್ಪಿಸಿಕೊಂಡು ಹೋಗದಂತೆ ನೋಡಿಕೋ. ಚಿಕ್ಕೆಲೆಗಳು ಬಂದ ಖುಷಿಯಲ್ಲಿ ಮೂರೂ ಒಂದೇ ಬಣ್ಣ ಅನ್ನುವುದೇ ಮರೆತುಹೋಗುತ್ತದೆ, ಹದಿನಾರಕ್ಕೊಂದು ಸಲ ಹಾಗಾಗುತ್ತದೆ. ಆಮೇಲೆ ಐದು ಜನರಿಗೆ ಹಂಚಿದಂತೆ ಐದು ಗುಂಪು ಮಾಡಿ, ಒಂದನ್ನು ಮಾತ್ರ ತೆರೆದು, ಆಡುತ್ತೀಯೋ ಬಿಡುತ್ತೀಯೋ ಬರೆದಿಡು. ನಂತರ ಉಳಿದ ನಾಲ್ಕನ್ನು ತೆರೆ. ನೋಟುಬುಕ್ಕಿನಲ್ಲಿ ಗೆದ್ದೆ, ಸೋತೆ ಅಂತ ಬರೆಯಬೇಡ. ಬರೆಯಬೇಕಾದ್ದು ಯಾಕೆ ಆಡಿದೆ, ಯಾಕೆ ಬಿಟ್ಟೆ ಅನ್ನೋದು. ಮನೆಯವರ ಜೊತೆ ಕೂರುವ ಹೊತ್ತಿಗೆ ಪಣಕ್ಕೆ ಹುಣಸೆ ಬೀಜ ಸಾಕು. ನಿನ್ನ ತಂಗಿ ಬೀಜ ಬೇಡ ಅಂದರೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ತಂದುಕೋ: ಹಳದಿಗೆ ಒಂದು, ಕೆಂಪಿಗೆ ಐದು. ಕೈಯಲ್ಲಿ ನುಣ್ಣಗೆ ಉರುಳುತ್ತವೆ, ನೆಲಕ್ಕೆ ಬಿದ್ದರೂ ಒಡೆಯುವುದಿಲ್ಲ. ಅವಳ ಎದುರು ಹುಷಾರಾಗಿ ಆಡು; ಅವಳು ಮಾತಾಡದೆ ಎಣಿಸುವ ಪೈಕಿ.

ದುಡ್ಡು? ಬೇಡ. ಸುತ್ತಿ ಬಳಸಿ ಹೇಳುವುದಿಲ್ಲ. ಕಾನೂನು ಏನನ್ನುತ್ತದೆ ಅಂತ ಮೊದಲು ಕೇಳು. ಆಂಧ್ರಪ್ರದೇಶ ಸರ್ಕಾರಕ್ಕೂ ಕೆ. ಸತ್ಯನಾರಾಯಣ ಅನ್ನುವವರಿಗೂ ನಡೆದ ಮೊಕದ್ದಮೆಯಲ್ಲಿ 1967ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಮ್ಮಿಗೆ ಜಾಣತನ ಬೇಕು ಅಂದಿತು. ಅದೇ ತೀರ್ಪಿನಲ್ಲಿ, ಫ್ಲಶ್, ಬ್ರ್ಯಾಗ್ ಮುಂತಾದ ಹೆಸರಿನ ಮೂರೆಲೆ ಆಟ ಅಪ್ಪಟ ಅದೃಷ್ಟದ್ದು ಅಂತಲೂ ಹೇಳಿತು. ಎಲೆ ಬಿಡುವುದರಲ್ಲಿ ಒಂದಿಷ್ಟು ಬುದ್ಧಿ ಇದೆ ಅಂತ ನಾನು ಈಗ ತಾನೇ ಇಷ್ಟು ಹೊತ್ತು ಹೇಳಿದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅರಳಿಕಟ್ಟೆಯ ಮೇಲೆ ದುಡ್ಡಿಟ್ಟು ಕೂತವನನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಹಿಡಿದುಕೊಂಡು ಹೋದಾಗ ಈ ವಾದ ಜೀಪಿನೊಳಗೆ ಉಪಯೋಗಕ್ಕೆ ಬಾರದು. ಮೊಬೈಲಿನಲ್ಲಿ ಆಡುತ್ತೇನೆ ಅನ್ನುವ ದಾರಿಯೂ ಮುಚ್ಚಿತು. ಅದನ್ನು ತಡೆಯಲೆಂದು ನಮ್ಮ ರಾಜ್ಯ 2021ರಲ್ಲಿ ಆ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದು ಮಾಡಿದಾಗ ಆನ್‌ಲೈನ್ ಆಟದ ಕಂಪನಿಗಳು ಹಬ್ಬ ಮಾಡಿದವು; 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಜಾಣತನದ್ದೋ ಅದೃಷ್ಟದ್ದೋ ಅಂತ ಕೇಳುವುದನ್ನೇ ಬಿಟ್ಟು, ದುಡ್ಡು ಕಟ್ಟಿ ಆಡಿಸುವುದನ್ನೇ ನಿಷೇಧಿಸಿತು.

ಕಾನೂನು ಬಿಟ್ಟು ಲೆಕ್ಕವನ್ನೇ ಹಿಡಿದರೂ ಅಷ್ಟೇ. ಐದು ಜನ ಕೂತ ಕಡೆ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆಯೇ ಹೊರತು ಒಂದು ಕಾಸೂ ಹುಟ್ಟುವುದಿಲ್ಲ. ಜಾಗ ಕೊಟ್ಟವನು ಆಟಕ್ಕಿಷ್ಟು ಅಂತ ಕಿತ್ತುಕೊಂಡರೆ ಬೆಳಗಿನೊಳಗೆ ಐದೂ ಜನ ಸೇರಿ ಸೋತಿರುತ್ತಾರೆ. ಆ ಐದರಲ್ಲಿ ಒಬ್ಬ, ರೇಷ್ಮೆ ಹುಳುಗಳನ್ನು ನಾಲ್ಕು ಜ್ವರ ಎಬ್ಬಿಸಿ, ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರಿಕೊಂಡು ಬಂದ ರೈತನಾಗಿರುತ್ತಾನೆ. ಅವನ ಹತ್ತಿರ ಗೆದ್ದು ನೀನು ಏನು ಕೊಳ್ಳುತ್ತೀಯ? ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ ನೀನು ತರುವ ಸಂಬಳವೂ ಅಷ್ಟೇ ಬೆವರಿನದು.

ಹುಣಸೆ ಬೀಜಕ್ಕೆ ಆಡುವಾಗಲೂ ಆಟದ ಮರ್ಯಾದೆ ಇರಲಿ. ಸೋತ ಎಲೆಯನ್ನು ತೋರಿಸು ಅಂತ ಯಾರನ್ನೂ ಪೀಡಿಸಬೇಡ; ಎದುರಿನವನು ಶೋ ಕೇಳಿದರೆ ಮಾತ್ರ ನಿನ್ನದನ್ನು ತೆರೆ. ಮೊದಲ ಸಲ ಕೂತವರಿಗೆ ಎಕ್ಕದ ಕಟ್ಟಳೆ ಎರಡು ಸಲ ಬಿಡಿಸಿ ಹೇಳು. ಮತ್ತೆ ನಮ್ಮ ಮನೆಯ ಕಟ್ಟು ಹಳೆಯದಾಯಿತು. ಕ್ಲಾವರ್ ಎರಡರ ಮೂಲೆ ಮಡಿಚಿಕೊಂಡಿದೆ, ಹಿಂದಿನಿಂದಲೇ ಗುರುತು ಹತ್ತುತ್ತದೆ. ಮಫ್ಲಿಸ್‌ನಲ್ಲಿ ಎರಡು ಎಲ್ಲಿದೆ ಅಂತ ಮುಂಚೆಯೇ ಗೊತ್ತಾದರೆ ಇಷ್ಟು ಹೊತ್ತು ಎಣಿಸಿದ್ದೆಲ್ಲ ದಂಡ. ಸಂಜೆ ಪೇಟೆ ಕಡೆ ಹೋದರೆ ಹೊಸದೊಂದು ಕಟ್ಟು ತಗೊಂಡು ಬಾ.