ಆಟದೊಳಗಿನ ಕತ್ತಿಗೆ ಒಡೆಯರು ಯಾರು?

ಮೊಬೈಲ್ ಗೇಮ್ ಆಡುವ ನಮ್ಮ ಗೆಳೆಯರಲ್ಲಿ ಅನೇಕರು ಆಟದೊಳಗಿನ ಉಡುಪು, ಬಂದೂಕಿನ ಬಣ್ಣ ಮುಂತಾದವುಗಳಿಗೆ ಹಣ ಕೊಟ್ಟಿರುತ್ತಾರೆ. ಆಟ ನಿಂತರೆ ಅವೂ ಹೋಗುತ್ತವೆ. ಹಣ ಕೊಟ್ಟರೂ ವಸ್ತು ನಮ್ಮದಾಗದು ಎಂಬ ಈ ಬೇಸರವನ್ನೇ ಹಿಡಿದು, 2021ರ ಸುಮಾರಿಗೆ ಕೆಲವು ಕಂಪನಿಗಳು ಹೊಸ ಭರವಸೆ ಕೊಟ್ಟವು: ಎನ್‌ಎಫ್‌ಟಿ ಕೊಂಡರೆ ಆಟದ ವಸ್ತುವಿಗೆ ನೀವೇ ಒಡೆಯರು, ಆಡುತ್ತಲೇ ಹಣವನ್ನೂ ಗಳಿಸಬಹುದು. ಈ ಮಾತು ಎಷ್ಟು ನಿಜ ಎಂದು ನೋಡೋಣ.

ಎನ್‌ಎಫ್‌ಟಿ ಎಂದರೇನು?

ನಾನ್ ಫಂಜಿಬಲ್ ಟೋಕನ್ ಎಂಬುದರ ಹ್ರಸ್ವರೂಪವೇ ಎನ್‌ಎಫ್‌ಟಿ. ಒಂದು ನೂರರ ನೋಟಿನ ಬದಲು ಇನ್ನೊಂದು ನೂರರ ನೋಟು ಕೊಟ್ಟರೆ ಯಾರಿಗೂ ನಷ್ಟವಿಲ್ಲ, ಅದು ಫಂಜಿಬಲ್. ನಿಮ್ಮ ಹಾಲ್ ಟಿಕೆಟ್ ಬದಲು ಗೆಳೆಯನ ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷೆಗೆ ಬಿಡುವುದಿಲ್ಲ. ಅದು ನಾನ್ ಫಂಜಿಬಲ್. ಬ್ಲಾಕ್‌ಚೈನ್ ಎಂಬುದು ಅನೇಕ ಕಂಪ್ಯೂಟರ್‌ಗಳು ಸೇರಿ ಕಾಯ್ದುಕೊಳ್ಳುವ ಲೆಕ್ಕದ ಪುಸ್ತಕ. ಇಂಥ ಸಂಖ್ಯೆಯ ಟೋಕನ್ ಇಂಥ ಖಾತೆಗೆ ಸೇರಿದ್ದು ಎಂದು ಅದರಲ್ಲಿ ಇರುವ ದಾಖಲೆಯೇ ಎನ್‌ಎಫ್‌ಟಿ.

ಸಾಮಾನ್ಯವಾಗಿ ಆ ಪುಸ್ತಕದಲ್ಲಿರುವುದು ದಾಖಲೆ ಮಾತ್ರ. ಕತ್ತಿಯ ರೂಪ, ಅದರ ಬಲ, ಅದನ್ನು ಬೀಸುವ ಅವಕಾಶ ಎಲ್ಲವೂ ಕಂಪನಿ ನಡೆಸುವ ಆಟದಲ್ಲಿವೆ. ಪಹಣಿಯಲ್ಲಿ ನಮ್ಮ ಹೆಸರಿದ್ದು, ಹೊಲದ ಗೇಟಿನ ಬೀಗದ ಕೈ ಮಾತ್ರ ಇನ್ನೊಬ್ಬರ ಜೇಬಿನಲ್ಲಿದ್ದಂತೆ.

ಒಂದು ಉದಾಹರಣೆ. ಎಫ್1 ಡೆಲ್ಟಾ ಟೈಮ್ ಎಂಬ ಕಾರ್ ರೇಸ್ ಆಟದ ಒಂದು ಎನ್‌ಎಫ್‌ಟಿ ಕಾರು 2019ರಲ್ಲಿ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹರಾಜಾಯಿತು. ಫಾರ್ಮುಲಾ 1 ಪರವಾನಗಿ ಮುಂದುವರಿಯದ ಕಾರಣ 2022ರ ಮಾರ್ಚ್‌ನಲ್ಲಿ ಆಟವೇ ಮುಚ್ಚಿತು. ಕಂಪನಿ ಬದಲಿ ಟೋಕನ್‌ಗಳನ್ನು ಕೊಡಲು ಮುಂದೆ ಬಂದಿತಾದರೂ, ಆ ಕಾರನ್ನು ಓಡಿಸುವ ರಸ್ತೆ ಉಳಿಯಲಿಲ್ಲ.

ಒಂದು ಆಟದ ಕತ್ತಿಯನ್ನು ಇನ್ನೊಂದು ಆಟಕ್ಕೆ ಒಯ್ಯಬಹುದು ಎಂಬ ವಾದವೂ ಇದೆ. ಆದರೆ ಹಾಗೆ ಮಾಡಲು ಎರಡನೆಯ ಕಂಪನಿ ಆ ಕತ್ತಿಯನ್ನು ತನ್ನ ಆಟಕ್ಕೆ ಹೊಂದುವಂತೆ ಹೊಸದಾಗಿ ರಚಿಸಬೇಕು. ಬೇರೆಯವರು ಮಾರಿ ಲಾಭ ಮಾಡಿಕೊಂಡ ವಸ್ತುವಿಗಾಗಿ ಅದು ಏಕೆ ಶ್ರಮಪಡಬೇಕು? ಇನ್ನು ವಸ್ತುಗಳನ್ನು ಮಾರಿಕೊಳ್ಳುವುದಕ್ಕಂತೂ ಬ್ಲಾಕ್‌ಚೈನ್ ಬೇಕಿಲ್ಲ. ಸ್ಟೀಮ್‌ನ ಮಾರುಕಟ್ಟೆಯಲ್ಲಿ ಆಟಗಾರರು 2012ರಿಂದಲೇ ಮಾರುತ್ತಿದ್ದಾರೆ.

ಹಣ ಎಲ್ಲಿಂದ ಬರುತ್ತದೆ?

ಅರ್ಥಶಾಸ್ತ್ರ ಓದುವವರು ಕೇಳಬೇಕಾದ ಪ್ರಶ್ನೆ ಇದು. ವಿಯೆಟ್ನಾಂನ ಸ್ಕೈ ಮಾವಿಸ್ ಕಂಪನಿಯ ಆ್ಯಕ್ಸಿ ಇನ್ಫಿನಿಟಿ ಆಟವನ್ನು ತೆಗೆದುಕೊಳ್ಳಿ. 2021ರಲ್ಲಿ ಅದನ್ನು ಆಡಲು ಮೊದಲು ಮೂರು ಆ್ಯಕ್ಸಿ ಪ್ರಾಣಿಗಳನ್ನು ಎನ್‌ಎಫ್‌ಟಿಯಾಗಿ ಕೊಳ್ಳಬೇಕಿತ್ತು. ಆಡಿದರೆ ಎಸ್‌ಎಲ್‌ಪಿ ಎಂಬ ಟೋಕನ್ ಸಿಗುತ್ತಿತ್ತು. ಕೋವಿಡ್‌ನಿಂದ ಕೆಲಸ ಕಳೆದುಕೊಂಡ ಫಿಲಿಪ್ಪೀನ್ಸ್‌ನ ಅನೇಕರಿಗೆ ಇದೇ ದುಡಿಮೆಯಾಯಿತು. ಪ್ರಾಣಿ ಕೊಳ್ಳಲಾಗದ ಬಡವರು ಬೇರೆಯವರ ಪ್ರಾಣಿಗಳನ್ನು ಪಡೆದು ಆಡಿ, ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ಆಟಕ್ಕಿಂತ ಅದು ಗೇಣಿ ಬೇಸಾಯವನ್ನೇ ಹೋಲುತ್ತಿತ್ತು.

ಎಸ್‌ಎಲ್‌ಪಿಯ ಮುಖ್ಯ ಉಪಯೋಗ ಹೊಸ ಆ್ಯಕ್ಸಿಗಳನ್ನು ಹುಟ್ಟಿಸುವುದು. ಹೊಸ ಆ್ಯಕ್ಸಿ ಬೇಕಾಗಿದ್ದುದು ಮುಖ್ಯವಾಗಿ ಹೊಸ ಆಟಗಾರರಿಗೆ. ಅಂದರೆ ಹಳಬರ ಗಳಿಕೆ ಬಹುಪಾಲು ಹೊಸಬರು ತರುವ ಹಣವೇ. ಹೊಸಬರು ಕಡಿಮೆಯಾದಾಗ ಬೇಡಿಕೆ ಕುಸಿಯಿತು. ಎಲ್ಲರೂ ದಿನವೂ ಆಡುತ್ತಿದ್ದುದರಿಂದ ಪೂರೈಕೆ ಮಾತ್ರ ಏರುತ್ತಲೇ ಇತ್ತು. 2021ರ ಜುಲೈಯಲ್ಲಿ 30 ಸೆಂಟ್ ದಾಟಿದ್ದ ಎಸ್‌ಎಲ್‌ಪಿ, 2022ರ ಮಧ್ಯಭಾಗದಲ್ಲಿ ಒಂದು ಸೆಂಟ್‌ಗಿಂತಲೂ ಕೆಳಗಿಳಿಯಿತು. ಗಂಟೆಗಟ್ಟಲೆ ಆಡಿದವರ ಕೈಗೆ ಬಂದದ್ದು ಚಿಲ್ಲರೆ.

2022ರ ಮಾರ್ಚ್‌ನಲ್ಲಿ ಇದೇ ಆಟದ ರೋನಿನ್ ಜಾಲಕ್ಕೆ ಕನ್ನ ಬಿತ್ತು. ಅಲ್ಲಿ ವ್ಯವಹಾರ ಒಪ್ಪುವ ಕೀಲಿಗಳು ಇದ್ದದ್ದೇ ಒಂಬತ್ತು. ಐದು ಕಳ್ಳರ ಕೈಸೇರಿದವು. ಹೋದದ್ದು 60 ಕೋಟಿ ಡಾಲರ್‌ಗೂ ಹೆಚ್ಚು. ಆರು ದಿನ ಅದು ಯಾರ ಗಮನಕ್ಕೂ ಬರಲಿಲ್ಲ.

ಆಟಗಾರರು ಏನೆಂದರು?

ಯುಬಿಸಾಫ್ಟ್ 2021ರ ಡಿಸೆಂಬರ್‌ನಲ್ಲಿ ತನ್ನ ಒಂದು ಆಟಕ್ಕೆ ಎನ್‌ಎಫ್‌ಟಿ ತಂದಾಗ ಆಟಗಾರರೇ ಜೋರಾಗಿ ವಿರೋಧಿಸಿದರು. ಸ್ಟೀಮ್ ನಡೆಸುವ ವಾಲ್ವ್ ಅದೇ ವರ್ಷ ಇಂಥ ಆಟಗಳನ್ನು ಹೊರಗಿಟ್ಟಿತು. ಮೈನ್‌ಕ್ರಾಫ್ಟ್ ತಯಾರಿಸುವ ಮೊಜಾಂಗ್ 2022ರ ಜುಲೈಯಲ್ಲಿ ಬೇಡವೆಂದಿತು: ಕೊಂಡವರು, ಕೊಳ್ಳದವರು ಎಂಬ ಭೇದ ಆಟದಲ್ಲಿ ಬರಬಾರದು ಎಂಬುದು ಅದರ ಕಾರಣ.

ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಇಂಥ ಆಸ್ತಿಗಳ ಲಾಭಕ್ಕೆ ಶೇ. 30 ತೆರಿಗೆ ಇದೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಆಟ ಆಡುವುದು ತಪ್ಪಲ್ಲ. ಆಟವನ್ನು ಸಂಪಾದನೆ ಎಂದು ನಂಬಿ ಫೀಸಿನ ಹಣವನ್ನೋ ಸಾಲದ ಹಣವನ್ನೋ ಹಾಕುವುದು ಅಪಾಯ. ಯಾರಾದರೂ ಹಾಗೆ ಕರೆದರೆ ಮೂರು ಪ್ರಶ್ನೆ ಕೇಳಿ.

1. ಕಂಪನಿ ನಾಳೆ ಆಟ ನಿಲ್ಲಿಸಿದರೆ ನನ್ನ ಕೈಯಲ್ಲಿ ಉಳಿಯುವುದೇನು?
2. ನನಗೆ ಬರುವ ಹಣ ಯಾರ ಜೇಬಿನಿಂದ ಬರುತ್ತದೆ?
3. ಹಣ ಸಿಗದಿದ್ದರೂ ಈ ಆಟವನ್ನು ನಾನು ಆಡುತ್ತಿದ್ದೆನೇ?

ಮೂರಕ್ಕೂ ಸ್ಪಷ್ಟ ಉತ್ತರ ಸಿಗುವವರೆಗೆ ಹಣ ನಿಮ್ಮ ಬಳಿಯೇ ಇರಲಿ.